ಅಪ್‌ಡೇಟ್: ಹಳ್ಳಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್, ಪೆನ್ಸಿಲ್ ಕೊಡುವ ವಿಚಾರ

ಹಳ್ಳಿ ಶಾಲೆಯ ಬಡ ಮಕ್ಕಳಿಗೆ ಏನೇನು ಕೊಡಬೇಕು, ಹೇಗೆ ಕೊಡಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಬಂದ ಉತ್ತರಗಳಿಂದ ಈಗ ತೀರ್ಮಾನ ಹೀಗೆ ನಿಂತಿದೆ.

ಖರೀದಿಗೆ ಮುಂಚೆ ಶಿಕ್ಷಕರಿಂದ ತರಗತಿವಾರು ಪಟ್ಟಿ ಬರಲೇಬೇಕು. ಎಲ್ಲರಿಗೂ ಒಂದೇ ಬಗೆಯ ನೋಟ್‌ಬುಕ್ ಕೊಂಡರೆ ಎಷ್ಟೋ ಬಳಕೆಗೇ ಬರುವುದಿಲ್ಲ: ಅಕ್ಷರ ಕಲಿಯುವ ಚಿಕ್ಕವರಿಗೆ ಅಗಲ ಗೆರೆಯದು, ಲೆಕ್ಕಕ್ಕೆ ಚೌಕುಳಿಯದು, ವಿಜ್ಞಾನದ ಚಿತ್ರಕ್ಕೆ ಗೆರೆಯಿಲ್ಲದ್ದು ಬೇಕು.

ಪೆನ್ಸಿಲ್ ಸವೆಯುವುದು ಬರೆದದ್ದಕ್ಕಿಂತ ಹೆರೆದೇ ಹೆಚ್ಚು. ಶಾರ್ಪನರ್ ಮೊಂಡಾಗಿದ್ದರೆ ಮೊನೆ ಮುರಿಯುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಮಗುವಿಗೂ ಒಂದು ಒಳ್ಳೆಯ ಶಾರ್ಪನರ್ ಇರಲಿ. ಇದರಲ್ಲಿ ಮಾತ್ರ ಉಳಿತಾಯ ಬೇಡ.

ವರ್ಷದ್ದೆಲ್ಲ ಒಮ್ಮೆಗೇ ಹಂಚಬಾರದು. ಅರ್ಧ ಶುರುವಿನಲ್ಲಿ, ಉಳಿದದ್ದು ವರ್ಷದ ನಡುವೆ. ನೋಟ್‌ಬುಕ್ ನಿಜವಾಗಿ ಮುಗಿಯುವುದು ಆಗಲೇ, ನೆರವು ಬರುವುದು ಮಾತ್ರ ಶಾಲೆ ತೆರೆಯುವಾಗ. ತಡವಾಗಿ ಸೇರುವವರಿಗೆಂದು ಶೇ. 10ರಷ್ಟು ಹೆಚ್ಚಿಗೆ ತೆಗೆದಿಡಿ. ದಾಸ್ತಾನು ಮುಚ್ಚಳವಿರುವ ಟ್ರಂಕಿನಲ್ಲಿ, ನೆಲದಿಂದ ಎತ್ತರಕ್ಕೆ, ಗೋಡೆಗೆ ತಾಗದಂತೆ ಇರಲಿ. ಇಲ್ಲದಿದ್ದರೆ ತೇವ, ಗೆದ್ದಲು ಬಿಡುವುದಿಲ್ಲ.

ಶೂ ಕೊಡುವುದಾದರೆ ವಯಸ್ಸು ನೋಡಿ ಅಳತೆ ಊಹಿಸಬೇಡಿ. ಪಾದವನ್ನು ಹಾಳೆಯ ಮೇಲಿಟ್ಟು ಗೆರೆ ಎಳೆಸಿ, ಬೆರಳ ತುದಿಯಲ್ಲಿ ಸುಮಾರು 1 ಸೆಂ.ಮೀ. ಜಾಗ ಬಿಡಿ.

ಹಂಚಿಕೆ ಇಡೀ ತರಗತಿಗೆ, ಶಿಕ್ಷಕರ ಕೈಯಿಂದ. ಬಡವರ ಹೆಸರು ಕೂಗಿ ಕರೆಯುವುದು, ನಿಲ್ಲಿಸಿ ಫೋಟೊ ತೆಗೆಯುವುದು ಖಂಡಿತ ಬೇಡ.