ಮೇಲ್‌ನಲ್ಲಿ ಬಂದ ಅಟ್ಯಾಚ್‌ಮೆಂಟ್ ಓಪನ್ ಆಗುತ್ತಿಲ್ಲ, ಅರ್ಜೆಂಟ್

ಅಡಕೆತೋಟ:
ಮೇಲ್‌ನಲ್ಲಿ ಬಂದ ಫೈಲ್ ಏನು ಮಾಡಿದರೂ ತೆರೆಯುತ್ತಿಲ್ಲ. ಡಬಲ್ ಕ್ಲಿಕ್ ಮಾಡಿದರೆ ಯಾವುದರಲ್ಲಿ ತೆರೆಯಲಿ ಅಂತ ನನ್ನನ್ನೇ ಕೇಳುತ್ತದೆ. ಗೊತ್ತಿದ್ದರೆ ಇಲ್ಲಿಗ್ಯಾಕೆ ಬರುತ್ತಿದ್ದೆ? ನಮ್ಮ ಸಂಘದ ವಾರ್ಷಿಕ ವರದಿ ಅದು, ನಾಳೆ ಪ್ರೆಸ್ಸಿಗೆ ಕೊಡಬೇಕು. ಕಳಿಸಿದ ಆಡಿಟರಿಗೆ ಫೋನ್ ಮಾಡಿದರೆ "ನಮ್ಮ ಆಫೀಸಲ್ಲಿ ಎಲ್ಲರಿಗೂ ಓಪನ್ ಆಗಿದೆಯಲ್ಲ, ನಿಮ್ಮ ಸಿಸ್ಟಮ್ಮೇ ಸರಿಯಿಲ್ಲ" ಅನ್ನುತ್ತಾರೆ. ರೀಸ್ಟಾರ್ಟ್ ಮಾಡಿ ಅಂತ ದಯವಿಟ್ಟು ಯಾರೂ ಹೇಳಬೇಡಿ, ಅದೂ ಆಯ್ತು.

ಗಣಕಗುಂಡ:
ಕನ್ನಡದ ವರದಿ ಅಲ್ವಾ? ಹಾಗಾದರೆ ನುಡಿ ಫಾಂಟ್ ಸಮಸ್ಯೆ, ಬೇರೆ ಏನೂ ಅಲ್ಲ. ಆ ಫಾಂಟ್ ಇಲ್ಲದ ಸಿಸ್ಟಮಲ್ಲಿ ಕನ್ನಡ ಅಕ್ಷರ ಕಾಣೋದಿಲ್ಲ. ಆಡಿಟರ್ ಆಫೀಸುಗಳಲ್ಲಿ ಇನ್ನೂ ನುಡಿ 01 ಇ ಫಾಂಟಲ್ಲೇ ಟೈಪ್ ಮಾಡುತ್ತಾರೆ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಳ್ಳಿ.

ಅಡಕೆತೋಟ:
ಅಕ್ಷರ ಕಾಣೋದು ಆಮೇಲಿನ ಮಾತು ಸರ್, ಫೈಲೇ ತೆರೆಯುತ್ತಿಲ್ಲ.

ಗಣಕಗುಂಡ:
ಮೊದಲು ನುಡಿ ಹಾಕಿ ನೋಡಿ. ಇಂಥ ಕೇಸು ಎಷ್ಟು ನೋಡಿಲ್ಲ ನಾನು.

ಹಳೇಕಬ್ಬಿಣ:
ಇದಕ್ಕೇ ನಾನು ವಿಂಡೋಸ್ ಬಿಟ್ಟಿದ್ದು. 2012ರ ಥಿಂಕ್‌ಪ್ಯಾಡ್ ಎಕ್ಸ್230, ಅದಕ್ಕೊಂದು ಎಸ್‌ಎಸ್‌ಡಿ, ಮೇಲೆ ಲಿನಕ್ಸ್ ಮಿಂಟ್. ಲಿಬ್ರೆ ಆಫೀಸಲ್ಲಿ ತೆರೆಯದ ಫೈಲೇ ಇಲ್ಲ.

ಗಣಕಗುಂಡ:
ನಿಮ್ಮ ಲಿಬ್ರೆ ಆಫೀಸಲ್ಲಿ ಟೇಬಲ್ ಎಲ್ಲ ದಿಕ್ಕಾಪಾಲಾಗುತ್ತದೆ. ಆಡಿಟ್ ವರದಿ ಅಂದರೆ ಬರೀ ಟೇಬಲ್ಲೇ.

ಹಳೇಕಬ್ಬಿಣ:
ಕಳ್ಳ ಮೈಕ್ರೋಸಾಫ್ಟ್ ಆಫೀಸ್ ಹಾಕಿಕೊಂಡವರು ಮಾತಾಡಬಾರದು.

ತುಂಗಾತೀರ:
ಸ್ವಲ್ಪ ನಿಲ್ಲಿಸ್ತೀರಾ ಇಬ್ಬರೂ? ಅಡಕೆತೋಟದವರೇ, ಫೈಲಿನ ಪೂರ್ತಿ ಹೆಸರೇನು? ಡಾಕ್, ಪಿಡಿಎಫ್, ಕೊನೆಗೆ ಏನಿದೆ? ವಿಂಡೋಸ್ ಅದನ್ನು ಮುಚ್ಚಿಡುತ್ತದೆ, ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ಮೇಲ್ ನೋಡುವುದು ಯಾವುದರಲ್ಲಿ? ಫೈಲನ್ನು ನೋಟ್‌ಪ್ಯಾಡಲ್ಲಿ ತೆರೆದು ಮೊದಲ ಅಕ್ಷರಗಳನ್ನೂ ನೋಡಿ. ಪಿಡಿಎಫ್ ಆದರೆ ಪರ್ಸೆಂಟ್ ಗುರುತಿನ ಜೊತೆ ಪಿಡಿಎಫ್ ಅಂತಲೇ ಇರುತ್ತದೆ, ಹೊಸ ವರ್ಡ್ ಫೈಲಾದರೆ ಪಿ, ಕೆ.

ಅಡಕೆತೋಟ:
ಥಂಡರ್‌ಬರ್ಡ್. ಹೆಸರು ವಿನ್‌ಮೇಲ್ ಡಾಟ್ ಡ್ಯಾಟ್. ಅಟ್ಯಾಚ್‌ಮೆಂಟಿಗೆಲ್ಲ ಅದೇ ಹೆಸರು ಅಲ್ವಾ? ಆಡಿಟರ್ ಕಳಿಸಿದ್ದೆಲ್ಲ ಹಾಗೇ ಬರುತ್ತದೆ. ನೋಟ್‌ಪ್ಯಾಡಲ್ಲಿ ಮೊದಲು ಒಂದು ಸಣ್ಣ ಎಕ್ಸ್, ಆಮೇಲೆ ಎಂಥದೋ ಗುರುತುಗಳು.

ತುಂಗಾತೀರ:
ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಅದು ವರ್ಡ್ ಫೈಲೇ ಅಲ್ಲ. ಆಡಿಟರ್ ಔಟ್‌ಲುಕ್‌ನಲ್ಲಿ ರಿಚ್ ಟೆಕ್ಸ್ಟ್ ಅನ್ನೋ ಫಾರ್ಮ್ಯಾಟ್ ಇಟ್ಟುಕೊಂಡು ಮೇಲ್ ಕಳಿಸುತ್ತಾರೆ. ಆಗ ಔಟ್‌ಲುಕ್ ಎಲ್ಲ ಅಟ್ಯಾಚ್‌ಮೆಂಟನ್ನೂ ಟಿಎನ್‌ಇಎಫ್ ಅನ್ನೋ ತನ್ನದೇ ಗಂಟಿನಲ್ಲಿ ಕಟ್ಟಿ ಕಳಿಸುತ್ತದೆ. ಅವರ ಆಫೀಸಲ್ಲಿ ಎಲ್ಲರದೂ ಔಟ್‌ಲುಕ್ಕೇ ಇರಬೇಕು, ಅದಕ್ಕೇ ಅಲ್ಲಿ ಸರಾಗ. ನಿಮ್ಮ ಥಂಡರ್‌ಬರ್ಡಿಗೆ ಆ ಗಂಟು ಬಿಚ್ಚೋಕೆ ಬರೋದಿಲ್ಲ. ವರದಿ ಒಳಗೇ ಇದೆ, ಎಲ್ಲೂ ಹೋಗಿಲ್ಲ. ವಿನ್‌ಮೇಲ್ ಓಪನರ್ ಅಂತ ಸಣ್ಣ ಪ್ರೋಗ್ರಾಂ ಸಿಗುತ್ತದೆ, ಅದರಲ್ಲಿ ಬಿಚ್ಚಿ. ಆನ್‌ಲೈನಲ್ಲಿ ಬಿಚ್ಚಿಕೊಡುವ ಸೈಟುಗಳೂ ಇವೆ, ಆದರೆ ಸಂಘದ ಲೆಕ್ಕಪತ್ರವನ್ನು ಯಾವುದೋ ಸೈಟಿಗೆ ಹಾಕೋದು ಬೇಡ. ಆಡಿಟರಿಗೆ ಹೇಳಿ, ಔಟ್‌ಲುಕ್ ಆಪ್ಷನ್ಸ್‌ನ ಮೇಲ್ ವಿಭಾಗದಲ್ಲಿ ರಿಚ್ ಟೆಕ್ಸ್ಟ್ ಬದಲು ಎಚ್‌ಟಿಎಂಎಲ್ ಇಟ್ಟುಕೊಳ್ಳಲಿ. ಕಾಂಟ್ಯಾಕ್ಟ್ಸ್‌ನಲ್ಲಿ ನಿಮ್ಮ ವಿಳಾಸಕ್ಕೆ ಮಾತ್ರ ರಿಚ್ ಟೆಕ್ಸ್ಟ್ ಅಂತ ಇಟ್ಟಿದ್ದರೆ ಅದನ್ನೂ ತೆಗೆಯಬೇಕು.

ಹಳೇಕಬ್ಬಿಣ:
ಲಿನಕ್ಸಲ್ಲಾದರೆ ಟಿಎನ್‌ಇಎಫ್ ಅಂತ ಒಂದೇ ಕಮಾಂಡ್. ಸುಮ್ನೆ ಹೇಳಿದೆ.

ಅಡಕೆತೋಟ:
ಬಿಚ್ಚಿಕೊಂಡಿತು! ಒಂದು ಪಿಡಿಎಫ್, ಒಂದು ವರ್ಡ್. ಪಿಡಿಎಫ್ ಸರಿಯಾಗಿದೆ. ವರ್ಡಲ್ಲಿ ಮಾತ್ರ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೋಡು, ಬಾಲ, ಮಧ್ಯೆ ಮಧ್ಯೆ ಪೌಂಡ್ ಗುರುತು.

ಗಣಕಗುಂಡ:
ನುಡಿ!!! ನಾನು ಏನು ಹೇಳಿದ್ದೆ? ಆ ಪೌಂಡ್ ಗುರುತೇ ನುಡಿಯ ನಕಾರ.

ತುಂಗಾತೀರ:
ಸರಿ ಮಾರಾಯ್ರೆ, ಒಪ್ಪಿದೆ. ಆದರೆ ಫಾಂಟ್ ಹಾಕಿ ಬಿಟ್ಟುಬಿಡಬೇಡಿ, ಯಾವ ಸಿಸ್ಟಮಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಇದೇ ಗೋಳು.

ಅಡಕೆತೋಟ:
ಪ್ರೆಸ್ಸಿನವರನ್ನು ಕೇಳಿದೆ. ಯೂನಿಕೋಡ್ ಬೇಡವಂತೆ, ಪುಟ ಜೋಡಿಸುವ ಅವರ ಹಳೇ ಪೇಜ್‌ಮೇಕರಲ್ಲಿ ಒತ್ತಕ್ಷರ ಒಡೆಯುತ್ತದಂತೆ. ನುಡಿಯಲ್ಲಿದ್ದರೆ ಹಾಗೇ ಕೊಡಿ ಅಂದರು.

ಹಳೇಕಬ್ಬಿಣ:
ಈ ಕಾಲದಲ್ಲೂ ಪೇಜ್‌ಮೇಕರ್ರಾ? ಸ್ಕ್ರೈಬಸ್ ಬಳಸೋಕೆ ಹೇಳಿ.

ಗಣಕಗುಂಡ:
ಪ್ರೆಸ್ಸಲ್ಲಿ ಒಂದು ದಿನ ಕೂತು ಆಮೇಲೆ ಹೇಳಿ ಸ್ವಾಮಿ.