ಅಪ್‌ಡೇಟ್: ಗಾಲಿಕುರ್ಚಿಯಲ್ಲಿ ಬೇಕಲ ಕೋಟೆಗೆ ಹೋಗಿಬಂದೆ

ಬೆನ್ನುಹುರಿಗೆ ಪೆಟ್ಟಾದ ಮೇಲೆ ಎರಡು ವರ್ಷ ಜಗಲಿ ದಾಟಿರಲಿಲ್ಲ. ಕುಂಬಳೆಯಿಂದ ಗಾಲಿಕುರ್ಚಿಯಲ್ಲಿ ಬೇಕಲಕ್ಕೆ ಹೋಗಬಹುದೇ, ಅದಕ್ಕೆ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆನಲ್ಲ, ಕಳೆದ ಭಾನುವಾರ ಹೋಗಿಬಂದೆ.

ಶುರುವಾದದ್ದು ಮನೆಯಿಂದಲೇ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂದು ನೀವು ಹೇಳಿದ್ದಿರಿ. ಮೇಸ್ತ್ರಿ ನಕ್ಕು, “ಅಷ್ಟುದ್ದ ಯಾಕೆ, ಲಾರಿ ಹತ್ತಿಸುವುದಕ್ಕೋ?” ಎಂದ. ಅರ್ಧ ಅಡಿಯ ಜಗಲಿಗೆ ಹಟ ಹಿಡಿದು ಆರಡಿ ಕಟ್ಟಿಸಿದೆ. ಈಗ ಯಾರನ್ನೂ ಕರೆಯದೆ ಅಂಗಳಕ್ಕಿಳಿದು, ಒಣಗಲು ಹಾಕಿದ ಅಡಿಕೆಯನ್ನು ಕಾಯುತ್ತೇನೆ. ಕಾಗೆ ಓಡಿಸುವ ಕೆಲಸವೂ ಕೆಲಸವೇ!

ಕೋಟೆಯಲ್ಲಿ ಉಬ್ಬುತಗ್ಗು ಬಂದಲ್ಲೆಲ್ಲ ಮುಂದಿನ ಸಣ್ಣ ಚಕ್ರಗಳು ಸಿಕ್ಕಿಬಿದ್ದವು. ಜೊತೆಗಿದ್ದ ನನ್ನ ತಮ್ಮನೇ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಚಕ್ರಗಳ ಮೇಲೆಯೇ ದಾಟಿಸಿದ. ವೀಕ್ಷಣಾ ಗೋಪುರದ ಆಸೆ ಬಿಟ್ಟೆ. ಸುಮಾರು 40 ಎಕರೆಯ ಕೋಟೆ, ಎಲ್ಲವನ್ನೂ ನೋಡಲೇಬೇಕೆಂಬ ಹರಕೆಯೇನೂ ಇರಲಿಲ್ಲ. ಕೆಳದಿ ನಾಯಕರ ಮುರಕಲ್ಲಿನ ಗೋಡೆಯ ಪಕ್ಕ ಕುರ್ಚಿಯ ಬ್ರೇಕ್ ಹಾಕಿ, ಕಡಲಿನ ಸದ್ದು ಕೇಳುತ್ತ ಒಂದು ಗಂಟೆ ಕುಳಿತೆ. 20 ನಿಮಿಷಕ್ಕೊಮ್ಮೆ ಕೈಯೂರಿ ಮೈಯನ್ನು ಮೇಲೆತ್ತುವುದನ್ನು ಮಾತ್ರ ಮರೆಯಲಿಲ್ಲ. ಅಲುಗಾಡದೆ ಕುಳಿತರೆ ಮೈಭಾರ ಬಿದ್ದಲ್ಲಿ ಚರ್ಮಕ್ಕಾಗುವ ಒತ್ತಡದ ಹುಣ್ಣಿನ ಪಾಡು ಒಮ್ಮೆ ಪಟ್ಟವರಿಗೇ ಗೊತ್ತು.

ಸೋತದ್ದು ದಾರಿಯ ಹೋಟೆಲಿನಲ್ಲಿ. ಶೌಚಾಲಯದ ಬಾಗಿಲು ಕುರ್ಚಿಗಿಂತ ಎರಡು ಬೆರಳು ಕಿರಿದು. ಇನ್ನು ಮುಂದೆ ಹೊರಡುವ ಮುನ್ನ ಫೋನ್ ಮಾಡಿ ಬಾಗಿಲಿನ ಅಳತೆ ಕೇಳುತ್ತೇನೆ.

ಮುಂದಿನ ತಿಂಗಳು ಇಲ್ಲೇ ಕುಂಬಳೆ ಹತ್ತಿರದ ಅನಂತಪುರ. ಕೆರೆಯ ನಡುವಿನ ಗುಡಿಯನ್ನು ಮೇಲಿನಿಂದಲೇ ನೋಡಿದರೂ ಸಾಕು ಎಂದು ಅಮ್ಮನಿಗೆ ಹೇಳಿದ್ದೇನೆ. ಅವಳು ಈಗಲೇ ಬುತ್ತಿಯ ಲೆಕ್ಕ ಹಾಕುತ್ತಿದ್ದಾಳೆ.