‘ರಿಯಲ್’, ‘ಆಕ್ಚುಯಲ್’ ಎರಡಕ್ಕೂ ‘ವಾಸ್ತವ’ವೇ?

ಎಲ್ಲರಿಗೂ ನಮಸ್ಕಾರ.

ರಾಯ್ ಭಾಸ್ಕರ್ (1944–2014) ಅವರ ತತ್ತ್ವವಿಚಾರದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಎಡವಿದ್ದೇನೆ. ಅವರ ವಾದದ ಹೆಸರಾದ ಕ್ರಿಟಿಕಲ್ ರಿಯಲಿಸಂಗೆ ‘ವಿಮರ್ಶಾತ್ಮಕ ವಾಸ್ತವವಾದ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಸಾಹಿತ್ಯ ಓದಿಕೊಂಡವರಿಗೆ ಆ ಮಾತು ಕೇಳಿದೊಡನೆ ಹಂಗೇರಿಯ ಸಾಹಿತ್ಯ ಚಿಂತಕ ಲುಕಾಚ್ ನೆನಪಾಗುತ್ತಾನೆ, ಕಾದಂಬರಿಯ ಬಗೆಗಳು ನೆನಪಾಗುತ್ತವೆ. ಭಾಸ್ಕರ್ ಹೇಳುವುದು ಬೇರೆ. ನಾವು ಅರಿತರೂ ಅರಿಯದಿದ್ದರೂ ಲೋಕ ತನ್ನಷ್ಟಕ್ಕೆ ತಾನಿದೆ. ಅದರ ಬಗೆಗಿನ ತಿಳಿವಳಿಕೆ ಮಾತ್ರ ಮನುಷ್ಯರು ಕಟ್ಟಿಕೊಂಡದ್ದು, ತಪ್ಪಿರಬಹುದಾದದ್ದು. ಈ ಎರಡನ್ನೂ ಒಟ್ಟಿಗೆ ಹಿಡಿಯುವ ವಾದ ಅದು.

‘ವಿಮರ್ಶೆ’ಯ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಅದರೊಳಗಿನ ‘ಮೃಶ್’ ಧಾತುವಿಗೆ ಮುಟ್ಟು, ತಡವು ಎಂಬ ಅರ್ಥವಿದೆ. ಕತ್ತಲಲ್ಲಿ ಕೈಯಾಡಿಸಿ ಇದೇನು ಎಂದು ನೋಡುವ ಹಾಗೆ. ಪುಸ್ತಕ ವಿಮರ್ಶೆಯ ಅಂಕಣಗಳು ಆ ಅರ್ಥವನ್ನು ಸವೆಸಿವೆ, ಅಷ್ಟೇ. ‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯಲ್ಲಿ ಇಡೀ ವಾದದ ಅರ್ಧ ಇದೆ ಎನ್ನಿಸುತ್ತದೆ. ಹಾಗೆಂದು ‘ಪರಾಂಬರಿಕೆಯ ವಾಸ್ತವವಾದ’ ಎಂದರೆ ಓದುಗರು ನಕ್ಕಾರು.

ನಿಜವಾದ ತೊಡಕು ಮುಂದಿದೆ. 1975ರ ತಮ್ಮ ಪುಸ್ತಕದಲ್ಲಿ ಭಾಸ್ಕರ್ ಮೂರು ವಲಯಗಳನ್ನು ಗುರುತಿಸುತ್ತಾರೆ: ರಿಯಲ್, ಆಕ್ಚುಯಲ್, ಎಂಪಿರಿಕಲ್. ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಬೆಂಕಿಕಡ್ಡಿಗೂ ಹೊತ್ತಿಕೊಳ್ಳುವ ಶಕ್ತಿಯಿದೆ. ಗೀರಿದಾಗ ಹೊತ್ತಿಕೊಳ್ಳುವುದು ಒಂದು ಘಟನೆ. ಆ ಘಟನೆ ಯಾರದಾದರೂ ಕಣ್ಣಿಗೆ ಬೀಳುವುದು ಮೂರನೆಯದು. ನೋಡುವವರಿಲ್ಲದಿದ್ದರೂ ಕಡ್ಡಿ ಹೊತ್ತಿದ್ದು ಸುಳ್ಳಲ್ಲ. ಒಮ್ಮೆಯೂ ಗೀರದಿದ್ದರೂ ಶಕ್ತಿ ಇದ್ದದ್ದು ಸುಳ್ಳಲ್ಲ. ಮೂರನೆಯದಕ್ಕೆ ‘ಅನುಭವಗಮ್ಯ’ ಸಾಕು. ಆದರೆ ಮೊದಲೆರಡಕ್ಕೂ ನಿಘಂಟು ತೆರೆದರೆ ಮತ್ತೆ ಮತ್ತೆ ‘ವಾಸ್ತವ’ವೇ ಎದುರಾಗುತ್ತದೆ. ‘ಯಥಾರ್ಥ’, ‘ನೈಜ’ ಎಂದು ಹಂಚಿ ನೋಡಿದೆ. ಎರಡು ಪುಟ ದಾಟುವಷ್ಟರಲ್ಲಿ ಯಾವುದು ಯಾವುದೆಂದು ನನಗೇ ಮರೆತುಹೋಯಿತು.

ಕೊನೆಗೆ ನಾಮಪದಗಳ ಗೊಡವೆ ಬಿಟ್ಟು ಕ್ರಿಯಾಪದಗಳಿಗೆ ಕೈಹಾಕಿದೆ: ಇರುವುದು, ಆಗುವುದು, ಕಾಣುವುದು. ಬರೆದ ದಿನ ಖುಷಿಯಾಗಿತ್ತು. ಮಾರನೆಯ ದಿನ ‘ಆಗು’ ಕೈಕೊಟ್ಟಿತು. ‘ಇದು ನನ್ನಿಂದ ಆಗುತ್ತದೆ’ ಎನ್ನುವಾಗ ನಾವು ಹೇಳುವುದು ಘಟನೆಯನ್ನಲ್ಲ, ಸಾಮರ್ಥ್ಯವನ್ನು. ಅಂದರೆ ಎರಡನೆಯ ವಲಯದ ಪದ ಮೊದಲನೆಯದಕ್ಕೆ ಜಾರುತ್ತದೆ. ಈಗ ‘ನಡೆಯುವುದು’ ಎಂದು ತಿದ್ದಿದ್ದೇನೆ.

‘ಕಾಣು’ವಿನಲ್ಲೂ ಒಂದು ಸೊಗಸು, ಒಂದು ಅಪಾಯ. ‘ನಾನು ಕಂಡೆ’ ಎಂದರೂ ಅದೇ, ‘ನನಗೆ ಹಾಗೆ ಕಾಣುತ್ತದೆ’ ಎಂದರೂ ಅದೇ. ನೋಟವೂ ಊಹೆಯೂ ಒಂದೇ ಕ್ರಿಯಾಪದದಲ್ಲಿ. ಗೆಲಿಲಿಯೋ 1612ರ ಡಿಸೆಂಬರಿನಲ್ಲಿ, ಮತ್ತೆ 1613ರ ಜನವರಿಯಲ್ಲಿ ಗುರುಗ್ರಹವನ್ನು ನೋಡುತ್ತಿದ್ದಾಗ ಪಕ್ಕದಲ್ಲಿದ್ದ ನೆಪ್ಚೂನನ್ನೂ ಗುರುತು ಹಾಕಿಕೊಂಡಿದ್ದ, ನಕ್ಷತ್ರವೆಂದು ಬಗೆದು. ಅದು ಗ್ರಹವೆಂದು ತಿಳಿದದ್ದು 1846ರಲ್ಲಿ. ಹಾಗಾದರೆ ಗೆಲಿಲಿಯೋ ನೆಪ್ಚೂನನ್ನು ‘ಕಂಡನೇ’? ಕಂಡ ಎಂದರೂ ಸರಿ, ಕಾಣಲಿಲ್ಲ ಎಂದರೂ ಸರಿ. ಕಾಣುವುದಕ್ಕೂ ಅರಿಯುವುದಕ್ಕೂ ನಡುವಿನ ಆ ಬಿರುಕು ಅನುವಾದದಲ್ಲಿ ಉಳಿಯಬೇಕು. ‘ಗ್ರಹಿಕೆ’ ಎಂದು ಬರೆದರೆ ಎರಡೂ ಕಲಸಿಹೋಗುತ್ತವೆ.

ಭಾಸ್ಕರ್ ಹೇಳುವ ಎಪಿಸ್ಟೆಮಿಕ್ ಫ್ಯಾಲಸಿ ಎಂಬುದಕ್ಕೆ ಹಿಂದಿನ ಕರಡೊಂದರಲ್ಲಿ ‘ಜ್ಞಾನಮೀಮಾಂಸಾ ಹೇತ್ವಾಭಾಸ’ ಎಂದಿತ್ತು. ಹೇತ್ವಾಭಾಸವೆಂದರೆ ನ್ಯಾಯಶಾಸ್ತ್ರದಲ್ಲಿ ಅನುಮಾನಕ್ಕೆ, ಅಂದರೆ ತರ್ಕದಿಂದ ಮಾಡುವ ತೀರ್ಮಾನಕ್ಕೆ, ಕೊಡುವ ಹೇತುವಿನಲ್ಲಿರುವ (ಕಾರಣದಲ್ಲಿರುವ) ದೋಷ. ಇಲ್ಲಿ ಹೇಳುತ್ತಿರುವುದು ಅದಲ್ಲ. ‘ಅರಿವನ್ನೇ ಇರವೆಂದು ಬಗೆಯುವ ತಪ್ಪು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ವ್ಯಾಖ್ಯಾನ ಬೇಡ.

ಬಲ್ಲವರಲ್ಲಿ ಎರಡು ಪ್ರಶ್ನೆ. ‘ಇರುವುದು, ನಡೆಯುವುದು, ಕಾಣುವುದು’ ಎಂಬ ಜೋಡಣೆ ಗಂಭೀರ ಗದ್ಯದಲ್ಲಿ ಪರಿಭಾಷೆಯಾಗಿ ನಿಲ್ಲುತ್ತದೆಯೇ, ಅಥವಾ ಸಾಮಾನ್ಯ ಕ್ರಿಯಾಪದಗಳೆಂದು ಓದುಗರ ಕಣ್ಣು ಜಾರಿಹೋದೀತೇ? ಇನ್ನೊಂದು: ನಮ್ಮ ತಿಳಿವಳಿಕೆಯೊಂದಿಗೆ ಬದಲಾಗುವ ಸಿದ್ಧಾಂತ, ಮಾದರಿಗಳನ್ನು ಭಾಸ್ಕರ್ ಟ್ರಾನ್ಸಿಟಿವ್ ಎನ್ನುತ್ತಾರೆ, ತಿಳಿವಳಿಕೆಯ ಹಂಗಿಲ್ಲದೆ ಇರುವ ವಸ್ತುಗಳನ್ನು ಇನ್‌ಟ್ರಾನ್ಸಿಟಿವ್ ಎನ್ನುತ್ತಾರೆ. ಇವಕ್ಕೆ ಸಕರ್ಮಕ, ಅಕರ್ಮಕ ಎಂದು ಬರೆದರೆ ವ್ಯಾಕರಣದ ತರಗತಿ ಶುರುವಾದಂತಿರುತ್ತದೆ. ಬೇರೆ ಯಾವ ಜೋಡಿಯನ್ನು ಬಳಸಬಹುದು?